ಹೊಲಗಳ ನಡುವೆ 18 ಕಿ.ಮೀ. ನಡಿಗೆ: ಮಧ್ಯಾಹ್ನ ಹೊರಟರೆ ಆಗುತ್ತಾ?

ಪ್ರಶ್ನೆ:
ಶರತ್ಕಾಲ ಮುಗಿಯುವುದರೊಳಗೆ ನಾನೂ ಅಕ್ಕನೂ ಹೊಲಗಳ ನಡುವೆ 18 ಕಿ.ಮೀ. ನಡೆಯಬೇಕು ಅಂತಿದ್ದೇವೆ. ಏರು ಒಟ್ಟು 300 ಮೀಟರ್ ಅಷ್ಟೇ. ಗಂಟೆಗೆ 5 ಕಿ.ಮೀ. ಅಂದರೆ ನಾಲ್ಕು ಗಂಟೆ ಸಾಕು, ಊಟ ಮಾಡಿಕೊಂಡೇ ಹೊರಡೋಣ ಅಂತಾಳೆ ಅಕ್ಕ. ನನಗೇಕೋ ಧೈರ್ಯ ಬರುತ್ತಿಲ್ಲ.

ಉತ್ತರ 1:
ಅಕ್ಕನ ಮಾತು ಕೇಳಬೇಡಿ! ಹೋದ ವರ್ಷ ನಾನೂ ಇದೇ ಲೆಕ್ಕ ಹಾಕಿ ಕೆಟ್ಟೆ. ಗಂಟೆಗೆ 5 ಕಿ.ಮೀ., ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ. ಅದರಂತೆಯೇ ನಿಮಗೆ ನಾಲ್ಕು ಗಂಟೆ ದಾಟುತ್ತದೆ. ಕೂತು ಸುಧಾರಿಸಿಕೊಳ್ಳುವ ಹೊತ್ತು ಅದರಲ್ಲಿ ಸೇರಿಲ್ಲ. ಕೆಸರಂತೂ ಇಲ್ಲವೇ ಇಲ್ಲ.

ಕೊಯ್ಲಾದ ಹೊಲ ದೂರದಿಂದ ಚಾಪೆ ಹಾಸಿದ ಹಾಗಿರುತ್ತದೆ. ಕಾಲಿಟ್ಟರೆ ಕೂಳೆ ಚುಚ್ಚುತ್ತದೆ. ಉತ್ತ ಹೊಲ ಇನ್ನೂ ಕಷ್ಟ. ಒದ್ದೆ ಜೇಡಿಮಣ್ಣು ಶೂಗೆ ಮೆತ್ತಿಕೊಂಡು ಒಂದೊಂದು ಕಾಲೂ ಒರಳುಕಲ್ಲಾಗಿತ್ತು. ಕೋಲಿನಿಂದ ಕೆರೆದು ಹತ್ತು ಹೆಜ್ಜೆ ಇಟ್ಟರೆ ಮತ್ತೆ ಅದೇ ಕಥೆ. ಒಂದೇ ಹೊಲ ದಾಟಲು ಅರ್ಧ ಗಂಟೆ ಹಿಡಿಯಿತು. ಸುಮ್ನೆ ಬದು ಹಿಡಿದು ಸುತ್ತಿಕೊಂಡು ಹೋಗಬಹುದಿತ್ತು. ಈ ಕಾಲದಲ್ಲಿ ಬಿತ್ತಿದ ಗೋಧಿ ಮೊಳೆತಾಗ ಥೇಟ್ ಹುಲ್ಲೇ. ಗೊತ್ತಿಲ್ಲದೆ ಬೆಳೆ ತುಳಿದುಬಿಡುತ್ತೀರಿ, ಅದಕ್ಕೂ ಬದುವೇ ವಾಸಿ.

ಕೊನೆಯ 3 ಕಿ.ಮೀ. ಕತ್ತಲಲ್ಲಿ ನಡೆದೆ. ಭೂಮಿಯ ಉತ್ತರಾರ್ಧದಲ್ಲಿ ಸೆಪ್ಟೆಂಬರ್ 22–23 ಕಳೆದ ಮೇಲೆ ಹಗಲಿಗಿಂತ ರಾತ್ರಿಯೇ ದೊಡ್ಡದು. ಬೇಸಿಗೆಯ ಸಂಜೆಯನ್ನು ಮನಸ್ಸಲ್ಲಿಟ್ಟುಕೊಂಡು ಹೊರಟಿದ್ದೆ ನಾನು. ಫೋನಿನ ಬ್ಯಾಟರಿಯೂ ಚಳಿಗೆ ಬೇಗ ಇಳಿಯಿತು. ಬೇರೆ ಟಾರ್ಚ್ ಇಟ್ಟುಕೊಳ್ಳಿ.

ಉತ್ತರ 2:
ದನಗಳ ವಿಷಯ ಬಿಟ್ಟಿರಲ್ಲ! ಹಸು ಮತ್ತು ಕರುವಿನ ನಡುವೆ ಮಾತ್ರ ಹೋಗಬೇಡಿ. ನಾಯಿ ಜೊತೆಗಿದ್ದು ಹಸು ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ, ಅದರ ಸಿಟ್ಟೆಲ್ಲ ಸಾಮಾನ್ಯವಾಗಿ ನಾಯಿಯ ಮೇಲೆ. ಗೇಟು ಹೇಗಿತ್ತೋ ಹಾಗೇ ಬಿಡಿ. ತೆರೆದಿದ್ದ ಗೇಟನ್ನು ಒಳ್ಳೆಯದಾಗಲಿ ಅಂತ ಮುಚ್ಚಿದರೆ ದನಗಳಿಗೆ ನೀರಿನ ದಾರಿ ತಪ್ಪಬಹುದು.

ಪ್ರಶ್ನೆ ಕೇಳಿದವರು:
ನಾಯಿ ಇಲ್ಲ, ಅಕ್ಕ ಒಬ್ಬಳೇ. ಬೆಳಿಗ್ಗೆ ಎಂಟಕ್ಕೆ ಅಂತ ಒಪ್ಪಿಸಿದ್ದೇನೆ. ಅವಳು ಬಿಳಿ ಶೂ ಹಾಕಿಕೊಳ್ಳುತ್ತಾಳಂತೆ.

ಉತ್ತರ 1:
ಹಾಕಿಕೊಳ್ಳಲಿ ಬಿಡಿ. ಹೋಗುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಬ್ಬರಿಗೂ ಒಂದೊಂದು ಜೊತೆ ಒಣ ಕಾಲುಚೀಲ ಮರೆಯಬೇಡಿ.