ಪದಚರ್ಚೆ: ಕಾವಲು, ಮೂಲಗೇಣಿ, ಒಕ್ಕಲು ಕೂರಿಸುವುದು

ಮುಂಬಯಿಯ ನಮ್ಮ ಓದುಗರ ಬಳಗಕ್ಕಾಗಿ ನ್ಯೂಜಿಲೆಂಡಿನ ಭೂಹಂಚಿಕೆಯ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೂರು ಕಡೆ ಪದಕ್ಕಾಗಿ ತಡಕಾಡಬೇಕಾಯಿತು. ಒಂದಕ್ಕೆ ಉತ್ತರ ದೊರೆತಿದೆ. ಉಳಿದೆರಡಕ್ಕೆ ಬಲ್ಲವರ ಅಭಿಪ್ರಾಯ ಬೇಕು.

ಸಂದರ್ಭ ಇಷ್ಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ದೇಶದ ದಕ್ಷಿಣ ದ್ವೀಪದಲ್ಲಿ ಒಳ್ಳೆಯ ಹುಲ್ಲುನೆಲದ ದೊಡ್ಡ ಪಾಲು ಕೆಲವೇ ಕುರಿಸಾಕಣೆದಾರರ ಕೈಯಲ್ಲಿತ್ತು. ವಿಲಿಯಂ ರಾಬಿನ್ಸನ್ ಎಂಬವನ ಚೆವಿಯಟ್ ಎಂಬ ಎಸ್ಟೇಟು ಒಂದೇ ಸುಮಾರು 84,000 ಎಕರೆ. 1891ರ ಭೂತೆರಿಗೆ ಕಾಯಿದೆಯ ಪ್ರಕಾರ, ಸರ್ಕಾರ ಕಟ್ಟಿದ ಬೆಲೆ ಹೆಚ್ಚಾಯಿತೆಂದು ಮಾಲೀಕ ತಕರಾರು ತೆಗೆದರೆ ಸರ್ಕಾರ ಅದನ್ನು ಇಳಿಸಬೇಕು, ಇಲ್ಲವೇ ಅವನು ಹೇಳಿದ ಬೆಲೆಗೇ ಜಮೀನನ್ನು ಕೊಳ್ಳಬೇಕು. ರಾಬಿನ್ಸನ್ ತೀರಿಕೊಂಡ ಮೇಲೆ ಟ್ರಸ್ಟಿಗಳು ತಕರಾರು ತೆಗೆದರು. 1893ರಲ್ಲಿ ಸರ್ಕಾರ ಕೊಂಡೇಬಿಟ್ಟಿತು, ಭಾಗ ಮಾಡಿ ರೈತ ಕುಟುಂಬಗಳಿಗೆ ಹಂಚಿತು. ಮಾಲೀಕ ಒಪ್ಪದಿದ್ದರೂ ಕೊಳ್ಳುವ ಅಧಿಕಾರ 1894ರ ಕಾಯಿದೆಯಿಂದ ಬಂದಿತು. 1882ರಲ್ಲೇ ಹೆಪ್ಪುಗಟ್ಟಿಸಿದ ಮಾಂಸ ಹಡಗಿನಲ್ಲಿ ಲಂಡನ್ ತಲುಪಿದ್ದರಿಂದ, ಉಣ್ಣೆಯೊಂದನ್ನೇ ನಂಬದೆ ಸಣ್ಣ ಹಿಡುವಳಿಯಲ್ಲೂ ಬದುಕುವ ದಾರಿ ತೆರೆದಿತ್ತು.

ಮೊದಲ ತೊಡಕು ಆ ಮೇವಿನ ಎಸ್ಟೇಟಿನದು. ‘ಎಸ್ಟೇಟು’ ಎಂದರೆ ನಮಗೆ ಕಾಫಿ ತೋಟ. ‘ಜಮೀನ್ದಾರಿ’ ಎಂದರೆ ಗೇಣಿದಾರರು ಕಣ್ಣಮುಂದೆ ಬರುತ್ತಾರೆ. ಅಲ್ಲಿದ್ದವರು ಹೆಚ್ಚಾಗಿ ಸಂಬಳದ ಕುರಿಗಾಹಿಗಳು, ಉಣ್ಣೆ ಕತ್ತರಿಸುವವರು. ಹಾಗಾಗಿ ‘ಉಳುವವನೇ ಹೊಲದೊಡೆಯ’ ಎಂಬ ನಮ್ಮ ಘೋಷಣೆಯೂ ಅಲ್ಲಿಗೆ ಒಗ್ಗುವುದಿಲ್ಲ. ನೆಲ ಸಿಕ್ಕಿದ್ದು ಅರ್ಜಿ ಹಾಕಿದ ಹೊರಗಿನವರಿಗೆ. ಅದು ನಮ್ಮ ದರಖಾಸ್ತಿಗೆ ಹತ್ತಿರ. ‘ಗೋಮಾಳ’ ಊರಿನದು. ಮರಾಠಿ ನೆರೆಯವರು ಸೂಚಿಸಿದ ‘ಗಾಯರಾನ್’ ಕೂಡ ಊರಿನದೇ. ಇಲ್ಲಿನ ಚರ್ನಿ ರೋಡ್ ಎಂಬ ಹೆಸರು ದನ ಮೇಯಿಸುವ ಜಾಗದಿಂದ ಬಂದದ್ದು ಎನ್ನುತ್ತಾರೆ, ಅದೂ ಒಬ್ಬ ಧಣಿಯ ಕುರಿಹಿಂಡಿನ ನೆಲವಲ್ಲ. ನನ್ನ ಒಲವು ‘ಕಾವಲು’ ಕಡೆಗಿದೆ. ಮೈಸೂರು ಅರಸರ ಅಮೃತ ಮಹಲ್ ದನಗಳ ಕಾವಲುಗಳ ವಿಸ್ತಾರ, ಮೇವಿಗೆಂದೇ ಕಾದಿರಿಸಿದ ನೆಲ ಎಂಬ ಅರ್ಥ, ಎರಡೂ ಸರಿಹೊಂದುತ್ತವೆ. ಆದರೆ ಅವು ಅರಮನೆಯ, ಸರ್ಕಾರದ ಸ್ವತ್ತು. ಖಾಸಗಿ ಒಡೆತನದ ನೆಲವನ್ನು ‘ಕುರಿಗಾವಲು’ ಎಂದರೆ ಚಿತ್ರದುರ್ಗ, ಹಾಸನದ ಕಡೆಯ ಕಿವಿಗೆ ಒಪ್ಪುತ್ತದೆಯೇ?

ಎರಡನೆಯದು ನನಗೆ ಬಹಳ ಸಂತೋಷ ಕೊಟ್ಟ ಪದ. 1892ರಿಂದ ಅಲ್ಲಿನ ಸರ್ಕಾರ ನೆಲವನ್ನು 999 ವರ್ಷಗಳ ಅವಧಿಗೆ ಕೊಡತೊಡಗಿತು. ಮೂಲಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 4ರಂತೆ ಬಾಡಿಗೆ, ಮುಂದೆ ಬೆಲೆ ಏರಿದರೂ ಅದೇ. ‘ಶಾಶ್ವತ ಗುತ್ತಿಗೆ’ ಎಂದು ಬರೆದಿದ್ದೆ. ಬಳಗದಲ್ಲಿ ಓದಿದಾಗ ಉಡುಪಿ ಕಡೆಯ ಹಿರಿಯರೊಬ್ಬರು, “ಅದು ಮೂಲಗೇಣಿಯಲ್ಲವೇ ಮಾರಾಯರೇ!” ಎಂದರು. ಹೌದು, ಮೂಲಗೇಣಿಯೇ. ಬದಲಾಗದ ಗೇಣಿ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಹಕ್ಕು, ಒಡೆಯ ಬೇಕೆಂದಾಗ ಬಿಡಿಸಲು ಬರುವ ಚಾಲಗೇಣಿಗೆ ತೀರಾ ವಿರುದ್ಧ. ಅಲ್ಲಿ ಧಣಿಯ ಜಾಗದಲ್ಲಿ ಸರ್ಕಾರವಿತ್ತು ಅಷ್ಟೇ. 1974ರ ಭೂಮಸೂದೆ, ಗೇಣಿ ನೆಲದ ಹಕ್ಕಿಗಾಗಿ ಕೊಟ್ಟ ಡಿಕ್ಲರೇಶನ್ ಅರ್ಜಿ ಎಂದು ಇಂದಿಗೂ ಮಾತನಾಡುವ ಮನೆಗಳು ಮುಂಬಯಿಯಲ್ಲಿ ಎಷ್ಟೋ ಇವೆ. ಅವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗೆ ಒಂದು ಸಾಲಿನ ವಿವರಣೆ ಸಾಕು.

ಮೂರನೆಯದು ಇಡೀ ಯೋಜನೆಯ ಹೆಸರು, ‘ಕ್ಲೋಸರ್ ಸೆಟ್ಲ್‌ಮೆಂಟ್’, ಅಂದರೆ ದೊಡ್ಡ ಹಿಡುವಳಿಗಳನ್ನು ಒಡೆದು ಹೆಚ್ಚು ಕುಟುಂಬಗಳನ್ನು ನೆಲೆಗೊಳಿಸುವುದು. ‘ನಿಬಿಡ ನೆಲೆಗೊಳಿಸುವಿಕೆ’ ಎಂದು ಬರೆದು ಹೊಡೆದುಹಾಕಿದೆ, ಅದರಲ್ಲಿ ಜೀವವಿಲ್ಲ. ಇದರ ಹಿಂದಿದ್ದ ಭೂಮಂತ್ರಿ ಜಾನ್ ಮೆಕೆಂಜಿ ಸ್ಕಾಟ್ಲೆಂಡಿನ ಎತ್ತರದ ಸೀಮೆಯವನು. ಅಲ್ಲಿ ಕುರಿಗಳಿಗಾಗಿ ರೈತರನ್ನು ಒಕ್ಕಲೆಬ್ಬಿಸಿದ ನೆನಪು ಅವನನ್ನು ಜೀವನವಿಡೀ ಕಾಡಿತ್ತು. ಒಕ್ಕಲೆಬ್ಬಿಸುವುದು ನಮ್ಮಲ್ಲಿ ದಿನಪತ್ರಿಕೆಯ ಪದ. ಅದಕ್ಕೆ ಎದುರಾಗಿ ‘ಒಕ್ಕಲು ಕೂರಿಸುವುದು’ ಎಂದರೆ ಮೆಕೆಂಜಿಯ ಮನಸ್ಸು ಸರಿಯಾಗಿ ಹಿಡಿಯುತ್ತದೆ ಎನಿಸುತ್ತದೆ.

ಈ ಪದಕ್ಕೆ ನಾನು ಪಟ್ಟು ಹಿಡಿಯಲು ಇನ್ನೊಂದು ಕಾರಣವಿದೆ. ಅದೇ ಸರ್ಕಾರ ಅದೇ ವರ್ಷಗಳಲ್ಲಿ, ಧಣಿಗಳಿಂದ ಕೊಂಡದ್ದಕ್ಕಿಂತ ಹೆಚ್ಚು ನೆಲವನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರಿಂದ ಅಗ್ಗವಾಗಿ ಕೊಂಡು ಬಿಳಿಯ ರೈತರಿಗೆ ಕೊಟ್ಟಿತು. ಇದೆಲ್ಲವನ್ನೂ ‘ಭೂಸುಧಾರಣೆ’ ಎಂಬ ತಲೆಬರಹದಡಿ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ಒಕ್ಕಲು ಕೂರಿಸಿದರು’ ಎಂದರೆ, ಅದಕ್ಕೆ ಮೊದಲು ಅಲ್ಲಿ ಯಾರಿದ್ದರು ಎಂದು ಓದುಗರು ತಾವೇ ಕೇಳುತ್ತಾರೆ.

ಕರಾವಳಿ, ಮಲೆನಾಡುಗಳಲ್ಲಿ ಈ ಬಳಕೆ ‘ಒಕ್ಕಲು ಕೂರಿಸು’ ಎಂದೇ ಇದೆಯೇ, ‘ಒಕ್ಕಲು ಇಡು’, ‘ಒಕ್ಕಲು ಹಾಕು’ ಎನ್ನುವುದೂ ಉಂಟೇ? ಹಳೆಯ ಗೇಣಿಚೀಟಿ, ಕಡತಗಳಲ್ಲಿ ಕಂಡವರು ಆ ವಾಕ್ಯವನ್ನು ಇದ್ದಂತೆಯೇ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ.