‘ಅಂಗಾತ’, ‘ಉತ್ತಾನ’, ‘ಶವಾಸನ’: ಮಲಗುವ ಭಂಗಿಯ ಪದಗಳನ್ನು ಕುರಿತು

ನಿದ್ದೆಯ ಅಂಚಿನಲ್ಲಿ ದೇಹದಿಂದ ಹೊರಬಂದಂತೆ ಅನ್ನಿಸುವ ಅನುಭವದ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ಅದರಲ್ಲಿ ಬರುವ ಕೆಲವು ಪದಗಳ ವಿಷಯದಲ್ಲಿ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಇಲ್ಲಿ ಭಂಗಿ ಗೌಣ ಸಂಗತಿಯಲ್ಲ. ಕನಸು ಬೀಳುವ ನಿದ್ದೆಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಅಲುಗಾಡದಂತಿರುತ್ತವೆ; ಆ ಸ್ಥಿತಿ ಕಳೆಯುವ ಮೊದಲೇ ಎಚ್ಚರವಾದವರಿಗೆ ಎದೆಯ ಮೇಲೆ ಯಾರೋ ಕೂತು ಅಮುಕಿದಂತೆ, ಕೆಲವೊಮ್ಮೆ ತಾವೇ ಹಾಸಿಗೆಯಿಂದ ಮೇಲೆದ್ದು ತೇಲಿದಂತೆ ಭಾಸವಾಗುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಅಲನ್ ಚೇನ್ 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಉಳಿದೆಲ್ಲ ಭಂಗಿಗಳಲ್ಲಿ ಇದನ್ನು ಕಂಡವರನ್ನು ಒಟ್ಟು ಸೇರಿಸಿದರೂ ಬೆನ್ನ ಮೇಲೆ ಮಲಗಿದ್ದಾಗ ಕಂಡವರೇ ಹೆಚ್ಚು. ದೇಹದಿಂದ ಹೊರಬರುವ ಪ್ರಯತ್ನ ಮಾಡುವವರು ಈ ಭಂಗಿಯನ್ನೇ ಆರಿಸಿಕೊಳ್ಳುವುದಕ್ಕೆ ಇದರಲ್ಲಿ ಆಧಾರವಿದೆ. (ಹೀಗೆ ಎಚ್ಚರವಾದರೂ ಅಲುಗಾಡಲಾಗದ ಸ್ಥಿತಿಗೆ ‘ನಿದ್ರಾ ಪಾರ್ಶ್ವವಾಯು’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ, ಓದುಗರು ಲಕ್ವ ಹೊಡೆಯಿತೆಂದೇ ಹೆದರುತ್ತಾರೆ. ‘ನಿದ್ರಾಸ್ತಂಭನ’ ವಾಸಿ.)

ಬೆನ್ನ ಮೇಲೆ ಮಲಗುವ ಈ ಭಂಗಿಗೆ ‘ನೇರವಾಗಿ ಮಲಗು’ ಎಂದರೆ ಸಾಲದು, ಏಕೆಂದರೆ ಮಗ್ಗುಲಾಗಿಯೂ ನೇರವಾಗಿ ಮಲಗಬಹುದು. ‘ಉತ್ತಾನ’ ನಿಖರವಾದ ಪದ. ಹಠಯೋಗಪ್ರದೀಪಿಕೆ ಶವಾಸನವನ್ನು ವಿವರಿಸುವಾಗ ‘ಉತ್ತಾನಂ ಶವವದ್ ಭೂಮೌ’ (ನೆಲದ ಮೇಲೆ ಶವದಂತೆ ಅಂಗಾತ) ಎಂದೇ ಆರಂಭಿಸುತ್ತದೆ. ಆದರೆ ಕನ್ನಡದ ಓದುಗರಿಗೆ ಅದು ದೂರದ ಮಾತು. ‘ಶವಾಸನ’ ಎಂದರೆ ವಿಶ್ರಾಂತಿಯ ಉದ್ದೇಶವೂ ಜೊತೆಗೇ ಬರುತ್ತದೆ. ಹೀಗಾಗಿ ‘ಅಂಗಾತ’ವೇ ಸರಿಯೆಂದು ನನ್ನ ಎಣಿಕೆ. ಇದಕ್ಕೆ ವಿರುದ್ಧವಾದ ಭಂಗಿಗೆ ಇರುವ ಬೋರಲು, ಮಕಾಡೆ, ಕವುಚಿ, ಉತ್ತರ ಕರ್ನಾಟಕದ ಡಬ್ಬ ಇವುಗಳಲ್ಲಿ ‘ಬೋರಲು’ ಎಲ್ಲ ಕಡೆಯೂ ಅರ್ಥವಾದೀತು.

ನಿಜವಾದ ತೊಡಕು ಕ್ರಿಯಾಪದದಲ್ಲಿದೆ. ಅಮೆರಿಕದ ರಾಬರ್ಟ್ ಮನ್ರೋ ಇಂಥ ಅನುಭವಗಳನ್ನು ಕುರಿತ 1971ರ ತನ್ನ ಪುಸ್ತಕದಲ್ಲಿ, ದೇಹದಿಂದ ಹೊರಬರಲು, ಕೈಕಾಲುಗಳ ನೆರವಿಲ್ಲದೆ, ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುವಂತೆ ಮೆಲ್ಲಗೆ ತಿರುಗುವ ಉಪಾಯವೊಂದನ್ನು ಹೇಳುತ್ತಾನೆ. ಇದಕ್ಕೆ ‘ಉರುಳು’ ಎಂದು ಬರೆದಿರುವುದನ್ನು ನೋಡಿದ್ದೇನೆ. ಉರುಳಿದ್ದು ಜಾಗ ಬಿಟ್ಟು ಮುಂದೆ ಹೋಗುತ್ತದೆ, ಉರುಳುಸೇವೆಯಲ್ಲಿ ಹೋಗುವ ಹಾಗೆ. ಹೊರಳಿದ್ದು ಇದ್ದಲ್ಲೇ ಇರುತ್ತದೆ. ಮನ್ರೋ ಹೇಳುವುದು ಇದ್ದಲ್ಲೇ ತಿರುಗುವುದನ್ನಾದ್ದರಿಂದ ‘ಹೊರಳು’ ಸೂಕ್ತವೆನಿಸುತ್ತದೆ. ಅಂದಹಾಗೆ, ತಲೆಯನ್ನು ಉತ್ತರಕ್ಕಿಟ್ಟು ಮಲಗಬೇಕೆಂದೂ ಅವನ ಸಲಹೆಯಿದೆ. ನಮ್ಮ ಮನೆಗಳ ಹಿರಿಯರು ಅದೊಂದನ್ನು ಮಾತ್ರ ಒಪ್ಪಲಿಕ್ಕಿಲ್ಲ.

ಅನುಭವದ ಹೆಸರಿಗೆ ‘ಪರಕಾಯ ಪ್ರವೇಶ’ ಸಲ್ಲದು. ಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯಲ್ಲಿರುವಂತೆ ಅಲ್ಲಿ ಇನ್ನೊಂದು ಶರೀರ ಬೇಕು. ‘ದೇಹಾತೀತ’ ಎಂದರೆ ಅಧ್ಯಾತ್ಮದ ಕಡೆಗೆ ವಾಲುತ್ತದೆ. ‘ದೇಹಬಾಹ್ಯ ಅನುಭವ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ; ಇದಕ್ಕಿಂತ ಹಗುರವಾದ ಪದ ಬಳಕೆಯಲ್ಲಿದ್ದರೆ ತಿಳಿಸಬೇಕು. ಹಾಗೆಯೇ, ‘ಹೊರಳು’ ಮತ್ತು ‘ಉರುಳು’ಗಳ ಈ ವ್ಯತ್ಯಾಸ ಕರಾವಳಿಯ ಮತ್ತು ಧಾರವಾಡದ ಕಡೆಯ ಮಾತಿನಲ್ಲಿಯೂ ಇಷ್ಟೇ ಖಚಿತವಾಗಿದೆಯೇ?