ಮೂರೂ ಅಚ್ಚು ಪುಸ್ತಕ ತರಿಸುವುದೋ, ಡಿಜಿಟಲ್ ನಿಯಮಗಳೇ ಸಾಕೋ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ; ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಆಟ ನಡೆಸುವವಳು ನಾನು. ಇರುವುದು 2014ರ ಆಟಗಾರರ ಕೈಪಿಡಿಯ ಒಂದೇ ಪ್ರತಿ; ಒಬ್ಬರು ಮಂತ್ರ ಹುಡುಕಲು ಕುಳಿತರೆ ಉಳಿದವರೆಲ್ಲ ಕಾಯಬೇಕು. ಈಗ 2024ರ ಪರಿಷ್ಕೃತ ನಿಯಮಗಳಿಗೆ ಬದಲಾಗುವ ಆಸೆ. ಆಟಗಾರರ ಕೈಪಿಡಿ, ಆಟ ನಡೆಸುವವರ ಕೈಪಿಡಿ, ರಾಕ್ಷಸರ ಪುಸ್ತಕ, ಈ ಮೂರನ್ನೂ ತರಿಸಲೇ? ಮೇಜಿಗೆ ಮೊಬೈಲ್ ಬಂದರೆ ಆಟ ಕೆಡುತ್ತದೆ ಎಂಬುದು ನನ್ನ ತಮ್ಮನ ವಾದ.

ಉತ್ತರ (ನವನಗರ, ಬಾಗಲಕೋಟೆ)

ಅಕ್ಕಾವರೇ, ಈಗಲೇ ದುಡ್ಡು ಹಾಕಬೇಡಿ. ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ 2024ರ ನಿಯಮಗಳ ತಿರುಳನ್ನು ಎಸ್‌ಆರ್‌ಡಿ 5.2 (ಮೂಲ ನಿಯಮಗಳ ಆಕರ ದಾಖಲೆ) ಎಂಬ ಪಿಡಿಎಫ್ ರೂಪದಲ್ಲಿ 2025ರಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ತಪ್ಪು ತಿದ್ದಿದ 5.2.1 ಕೂಡ ಬಂದಿದೆ, ಅದನ್ನೇ ಇಳಿಸಿಕೊಳ್ಳಿ. ಯೋಧ, ಮಾಂತ್ರಿಕ ಮುಂತಾದ ಪಾತ್ರಗಳ ಹನ್ನೆರಡು ವರ್ಗಗಳೂ ಇವೆ. ಪ್ರತಿಯೊಂದಕ್ಕೆ ಉಪವರ್ಗ ಮಾತ್ರ ಒಂದೇ. ಹೊಸ ಕಥೆ ಶುರುಮಾಡಲು ಧಾರಾಳವಾಯಿತು.

ನಿಯಮ ಬದಲಾಯಿಸುವಾಗಲೇ ಈ ಪಿಡಿಎಫ್‌ನ ಉಪಯೋಗ ತಿಳಿಯುವುದು. ಶತ್ರುವನ್ನು ಹಿಡಿದು ನಿಲ್ಲಿಸುವ ಗ್ರ್ಯಾಪಲ್ ನಿಯಮವನ್ನೇ ನೋಡಿ: 2014ರಲ್ಲಿ ಇಬ್ಬರೂ ದಾಳ ಹಾಕಿ ಪೈಪೋಟಿ ನಡೆಸಬೇಕಿತ್ತು, ಈಗ ಗುರಿಯಾದವನು ಮಾತ್ರ ಸೇವಿಂಗ್ ಥ್ರೋ, ಎಂದರೆ ಪಾರಾಗಲು ದಾಳ, ಹಾಕುತ್ತಾನೆ. ಹಳೆಯದು ಬಾಯಿಪಾಠವಾದವರು ವಾದಕ್ಕೆ ನಿಲ್ಲುತ್ತಾರೆ. ಪದ ಹಾಕಿ ಹುಡುಕಿದರೆ ಸಾಲು ಎಲ್ಲರ ಕಣ್ಣೆದುರಿಗೆ ಬರುತ್ತದೆ; ಆಟ ನಡೆಸುವವರ ಮಾತೇ ಕೊನೆಯ ಮಾತು ಎಂಬ ಭಾರ ನಿಮ್ಮ ತಲೆಯಿಂದ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಎಸ್‌ಆರ್‌ಡಿಯ ಪರವಾನಗಿ. ಅದು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿದೆ. ಮೂಲವನ್ನು ಹೆಸರಿಸಿದರೆ ಅನುವಾದಿಸಬಹುದು, ಮುದ್ರಿಸಬಹುದು, ಹಂಚಬಹುದು. ನನ್ನ ಸೋದರತ್ತೆಯ ಮಗನಿಗೆ ಇಂಗ್ಲಿಷ್ ಓದು ನಿಧಾನ. ಅವನ ಪಾತ್ರದ ಮಂತ್ರಗಳನ್ನಷ್ಟೇ ಆರಿಸಿ ಕನ್ನಡದಲ್ಲಿ ಒಂದು ಹಾಳೆ ಮಾಡಿಕೊಟ್ಟೆ. ಅದುವರೆಗೆ ಕತ್ತಿ ಬೀಸುವುದನ್ನು ಬಿಟ್ಟು ಬೇರೇನೂ ಮಾಡದವನು ಈಗ ಎಲ್ಲರಿಗಿಂತ ಮೊದಲು ಉಪಾಯ ಹೇಳುತ್ತಾನೆ. ಅಂಗಡಿಯಲ್ಲಿ ಸಿಗುವ ದಪ್ಪ ಪುಸ್ತಕದಿಂದ ಇದು ಆಗುತ್ತಿರಲಿಲ್ಲ.

ಉತ್ತರ (ವಿಜಯಪುರ)

ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಆಟದ ಅಧಿಕೃತ ಜಾಲತಾಣ ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಪುಸ್ತಕ ಪಿಡಿಎಫ್ ಆಗಿ ಕೈಗೆ ಬರುವುದಿಲ್ಲ, ನಿಮ್ಮ ಖಾತೆಯೊಳಗೇ ಓದಬೇಕು. ಕೊಳ್ಳುವ ಮುನ್ನ ಇದು ಗೊತ್ತಿರಲಿ. ಇನ್ನು, ಆಟವನ್ನು ಮೊದಲ ಸಲ ಕಲಿಯುವವರಿಗೆ ಅಚ್ಚು ಪುಸ್ತಕವೇ ಮೇಲು ಎಂದು ನಾನು ಈಗಲೂ ಹೇಳುತ್ತೇನೆ. ಹುಡುಕಲು ಏನನ್ನು ಹುಡುಕಬೇಕೆಂದು ತಿಳಿದಿರಬೇಕಲ್ಲ? ಪುಟ ತಿರುವುತ್ತಾ ಹೋದರೆ ಕೇಳದ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ತಮ್ಮನ ಮೊಬೈಲ್ ತಕರಾರಿಗೆ ಏನು ಮಾಡಲಿ?

ಉತ್ತರ (ನವನಗರ, ಬಾಗಲಕೋಟೆ)

ಪಿಡಿಎಫ್ ಅನ್ನು ಒಂದು ಟ್ಯಾಬ್‌ಗೆ ಇಳಿಸಿ, ಇಂಟರ್ನೆಟ್ ಬಂದ್ ಮಾಡಿ ಮೇಜಿನ ನಡುವೆ ಇಡಿ. ಉಳಿದವರಿಗೆ ಅವರವರ ಮಂತ್ರದ ಪುಟಗಳ ಪ್ರಿಂಟ್ ಸಾಕು. ಆ ಕನ್ನಡ ಹಾಳೆ ಬೇಕಿದ್ದರೆ ಹೇಳಿ, ಕಳುಹಿಸುತ್ತೇನೆ.